ಫೀ 2 ಡಾಲರ್, ಹೋದದ್ದು 30 ಡಾಲರ್

ಆನ್‌ಲೈನ್‌ನಲ್ಲಿ ದುಡಿದ ಹಣವನ್ನು ಬ್ಯಾಂಕಿಗೆ ತರಿಸಿಕೊಳ್ಳುವಾಗ ಪರದೆಯ ಮೇಲೆ ಒಂದು ಸಾಲು ಕಾಣುತ್ತದೆ: ‘ವಿತ್‌ಡ್ರಾ ಫೀ 2 ಡಾಲರ್’. ಎರಡೇ ಅಲ್ವಾ, ಹೋಗಲಿ ಬಿಡು ಅಂದುಕೊಂಡು ಬಟನ್ ಒತ್ತುತ್ತೇವೆ. ಎರಡು ಮೂರು ದಿನ ಬಿಟ್ಟು ಹಣ ಖಾತೆಗೆ ಬೀಳುತ್ತದೆ. ಸುಮ್ನೆ ಕುತೂಹಲಕ್ಕೆ ಆ ದಿನದ ರೇಟು ಹಿಡಿದು ಗುಣಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಕಡಿಮೆ ಬಂದಿರುವುದು ಎರಡು ಡಾಲರ್ ಅಲ್ಲ, ಮೂವತ್ತು. ಫೀ ಪಟ್ಟಿಯನ್ನು ಮತ್ತೆ ತೆಗೆದು ನೋಡಿದರೂ ಅಲ್ಲಿ ಮೂವತ್ತರ ಸುಳಿವಿಲ್ಲ.

ನನಗೂ ಮೊದಲ ಸಲ ಹೀಗೇ ಆಗಿತ್ತು. ತಪ್ಪು ನನ್ನ ಗುಣಾಕಾರದ್ದೇ ಇರಬೇಕು ಎಂದು ಮೂರು ಸಲ ಲೆಕ್ಕ ಮಾಡಿದ್ದೆ. ಗುಣಾಕಾರ ಸರಿಯಾಗಿಯೇ ಇತ್ತು. ನಾನು ಹಿಡಿದಿದ್ದ ರೇಟು ಬೇರೆ, ಅವರು ಕೊಟ್ಟಿದ್ದ ರೇಟು ಬೇರೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಸುಲಭವಾಗಿರಲಿ ಎಂದು ನಾನೇ ಆರಿಸಿಕೊಂಡವು. ಗಿರಾಕಿಯೊಬ್ಬರು ನಿಮಗೆ 1,000 ಡಾಲರ್ ಕಳಿಸಿದ್ದಾರೆ. ಹಣ ಸ್ವೀಕರಿಸಿದ್ದಕ್ಕೆ ಪೇಮೆಂಟ್ ಕಂಪನಿ ಶೇ. 4 ಕಮಿಷನ್ ಹಿಡಿಯುತ್ತದೆ. ಉಳಿದದ್ದು 960. ಬ್ಯಾಂಕಿಗೆ ಕಳಿಸುವ ಫೀ 2 ಡಾಲರ್. ಉಳಿದದ್ದು 958. ಮಾರುಕಟ್ಟೆಯಲ್ಲಿ ಒಂದು ಡಾಲರ್‌ಗೆ ನಿಮ್ಮ ಕರೆನ್ಸಿಯಲ್ಲಿ 20 ನಾಣ್ಯ ಸಿಗುತ್ತದೆ ಎಂದುಕೊಳ್ಳಿ. ಕಂಪನಿ ಕೊಡುವುದು 19.40. ನೋಡಲು ಅರವತ್ತು ಪೈಸೆಯಷ್ಟು ವ್ಯತ್ಯಾಸ. ಆದರೆ ಅದು ಶೇ. 3. ನಿಮ್ಮ ಖಾತೆಗೆ ಬರುವುದು 18,585. ಮಾರುಕಟ್ಟೆ ದರದಲ್ಲಿ ಬದಲಾಗಿದ್ದರೆ 19,160 ಬರಬೇಕಿತ್ತು. ನಡುವೆ ಹೋದದ್ದು 575, ಅಂದರೆ ಸುಮಾರು 29 ಡಾಲರ್.

ಹೆಸರಿಟ್ಟು ಕೇಳಿದ ಫೀ 2 ಡಾಲರ್. ಹೆಸರೇ ಇಲ್ಲದೆ ಹೋದದ್ದು ಅದರ ಹದಿನಾಲ್ಕು ಪಟ್ಟು. ನಾವು ಎರಡು ಕಂಪನಿಗಳನ್ನು ಹೋಲಿಸುವಾಗ ‘ಇವರದು 2, ಅವರದು 3’ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಆನೆ ಹೋದ ದಾರಿ ಬಿಟ್ಟು ಇರುವೆ ಎಣಿಸಿದ ಹಾಗೆ.

ರೇಟಿನೊಳಗೆ ಅಡಗಿದ ಫೀ

ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ರೇಟಿಗೆ ಮಿಡ್ ಮಾರ್ಕೆಟ್ ರೇಟ್ ಎನ್ನುತ್ತಾರೆ. ನಡುದರ ಎನ್ನೋಣ. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕರೆನ್ಸಿ ವ್ಯಾಪಾರ ಮಾಡುವಾಗ ಕೊಳ್ಳುವ ಬೆಲೆ ಒಂದು, ಮಾರುವ ಬೆಲೆ ಇನ್ನೊಂದು. ಅವೆರಡರ ಸರಿ ಮಧ್ಯದ ಅಂಕಿಯೇ ನಡುದರ. ಆ ಬೆಲೆಗೆ ಯಾರೂ ಯಾರಿಗೂ ಕೊಡಲೇಬೇಕೆಂದಿಲ್ಲ. ಅದು ಅಳತೆಯ ಕೋಲು ಮಾತ್ರ.

ಈ ಸಗಟು ಸಂತೆ ಎಷ್ಟು ದೊಡ್ಡದು ಎಂದರೆ, ಕೇಂದ್ರ ಬ್ಯಾಂಕುಗಳ ಬ್ಯಾಂಕು ಎನಿಸಿದ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ಸ್ ಮೂರು ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯ ಪ್ರಕಾರ 2025ರ ಏಪ್ರಿಲ್‌ನಲ್ಲಿ ದಿನಕ್ಕೆ ಸರಾಸರಿ 9.6 ಲಕ್ಷ ಕೋಟಿ ಡಾಲರ್ ವಹಿವಾಟು ನಡೆದಿದೆ. 2022ರಲ್ಲಿ ಇದು 7.5 ಲಕ್ಷ ಕೋಟಿ ಇತ್ತು. ಇಷ್ಟು ಜನ ಸೇರುವ ಕಡೆ ಡಾಲರ್–ಯೂರೋದಂಥ ಜೋಡಿಗೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಕೂದಲೆಳೆಯಷ್ಟು. ಶೇಕಡಾ ಒಂದರ ನೂರನೇ ಪಾಲಿನ ಲೆಕ್ಕದಲ್ಲಿ ಇರುತ್ತದೆ. ನಮಗೆ ಚಿಲ್ಲರೆಯಲ್ಲಿ ಸಿಗುವಾಗ ಅದೇ ಅಂತರ ಶೇ. 2, 3, 4 ಆಗಿರುತ್ತದೆ. ಬೆಲೆಯ ಮೇಲೆ ಏರಿಸುವ ಈ ಪಾಲಿಗೆ ಮಾರ್ಕಪ್ ಅಥವಾ ಸ್ಪ್ರೆಡ್ ಎಂದು ಹೆಸರು.

ಇದೇನು ಗುಟ್ಟಲ್ಲ. ಪೇಪಾಲ್ ತನ್ನ ಫೀ ಪುಟಗಳಲ್ಲೇ ಹೇಳಿಕೊಂಡಿದೆ: ಕರೆನ್ಸಿ ಬದಲಿಸುವಾಗ ತನ್ನ ಮೂಲ ದರದ ಮೇಲೆ ಶೇ. 3 ಅಥವಾ 4ರಷ್ಟು ಸೇರಿಸುತ್ತದೆ, ಯಾವ ದೇಶ, ಯಾವ ಬಗೆಯ ವಹಿವಾಟು ಎನ್ನುವುದರ ಮೇಲೆ ಅದು ಬದಲಾಗುತ್ತದೆ. ಬರೆದಿರುವುದು ನಿಜ. ಆದರೆ ವಿತ್‌ಡ್ರಾ ಪುಟದಲ್ಲಿ ‘ಫೀ’ ಎಂಬ ಖಾನೆಯ ಎದುರು ಇದು ಬರುವುದಿಲ್ಲ. ಬರುವುದು ಒಂದು ರೇಟು, ಅಷ್ಟೇ. ರೇಟನ್ನು ನೋಡಿದ ಕೂಡಲೇ ಅದು ಮಾರುಕಟ್ಟೆಯಿಂದ ಇಳಿದು ಬಂದದ್ದು, ಯಾರ ಕೈಯಲ್ಲೂ ಇಲ್ಲದ್ದು ಅನಿಸುತ್ತದೆ. ಹವಾಮಾನದ ಥರ. ಅದೂ ಒಬ್ಬರು ಕೂತು ಗೊತ್ತುಮಾಡಿದ ಬೆಲೆ ಎಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕು.

‘ಝೀರೋ ಫೀ’ ಎಂಬ ಜಾಹೀರಾತನ್ನು ಈ ಬೆಳಕಿನಲ್ಲಿ ಓದಬೇಕು. ಫೀ ಸೊನ್ನೆ ಇರಬಹುದು, ಸುಳ್ಳಲ್ಲ. ಎರಡು ಪರ್ಸೆಂಟ್ ರೇಟಿನೊಳಗೆ ಕೂತಿರುತ್ತದೆ. ನನ್ನ ಮಟ್ಟಿಗೆ ಶೇ. 0.6 ಫೀ ಎಂದು ಮುಖಕ್ಕೆ ಹೇಳಿ ನಡುದರ ಕೊಡುವವರು ಸೊನ್ನೆ ಫೀ ಹೇಳುವವರಿಗಿಂತ ಎಷ್ಟೋ ವಾಸಿ.

ಇದನ್ನೇ ಬಂಡವಾಳ ಮಾಡಿಕೊಂಡ ಕಂಪನಿಯೂ ಇದೆ. ಎಸ್ಟೋನಿಯಾದ ಇಬ್ಬರು ಗೆಳೆಯರು ಲಂಡನ್ನಿನಲ್ಲಿದ್ದರು. ತಾವೆತ್ ಹಿನ್ರಿಕುಸ್ ಸ್ಕೈಪ್‌ನಲ್ಲಿದ್ದವರು, ಸಂಬಳ ಯೂರೋದಲ್ಲಿ ಬರುತ್ತಿತ್ತು, ಖರ್ಚು ಪೌಂಡಿನಲ್ಲಿ. ಕ್ರಿಸ್ಟೋ ಕೇರ್ಮನ್ ಅವರಿಗೆ ಸಂಬಳ ಪೌಂಡಿನಲ್ಲಿ, ಊರಲ್ಲಿ ಕಟ್ಟಬೇಕಾದ ಮನೆ ಸಾಲ ಯೂರೋದಲ್ಲಿ. ಇಬ್ಬರೂ ಬ್ಯಾಂಕಿನ ರೇಟಿಗೆ ಹಣ ಬದಲಿಸಿ ಬೇಸತ್ತಿದ್ದರು. ಕೊನೆಗೆ ಒಂದು ಉಪಾಯ ಮಾಡಿದರು. ಆ ದಿನದ ನಡುದರ ನೋಡಿಕೊಂಡು ಒಬ್ಬರು ಇನ್ನೊಬ್ಬರ ಲಂಡನ್ ಖಾತೆಗೆ ಪೌಂಡು ಹಾಕುವುದು, ಇನ್ನೊಬ್ಬರು ಇವರ ಎಸ್ಟೋನಿಯಾ ಖಾತೆಗೆ ಯೂರೋ ಹಾಕುವುದು. ಒಂದು ಪೌಂಡೂ ಗಡಿ ದಾಟಲಿಲ್ಲ, ಒಂದು ಯೂರೋವೂ ದಾಟಲಿಲ್ಲ. ಇಬ್ಬರಿಗೂ ಬೇಕಾದ ಹಣ ಬೇಕಾದ ಕಡೆ ಸಿಕ್ಕಿತು. 2011ರಲ್ಲಿ ಇದೇ ಟ್ರಾನ್ಸ್‌ಫರ್‌ವೈಸ್ ಎಂಬ ಕಂಪನಿಯಾಯಿತು. 2021ರಿಂದ ಅದರ ಹೆಸರು ವೈಸ್. ಈಗ ಇಂಥ ಹಲವು ಕಂಪನಿಗಳಿವೆ. ಎಲ್ಲವೂ ಮಾಡುವುದು ಹೆಚ್ಚುಕಡಿಮೆ ಇದನ್ನೇ: ಪ್ರತಿ ದೇಶದಲ್ಲೂ ಒಂದು ಖಾತೆ ಇಟ್ಟುಕೊಳ್ಳುವುದು, ಇಲ್ಲಿ ತೆಗೆದುಕೊಂಡು ಅಲ್ಲಿ ಕೊಡುವುದು.

ಮಾರ್ಕಪ್ ಎಲ್ಲವೂ ಲೂಟಿ ಎಂದು ನಾನು ಹೇಳುತ್ತಿಲ್ಲ. ನಿಮಗೆ ಒಂದು ರೇಟು ತೋರಿಸಿ ಎರಡು ದಿನ ಬಿಟ್ಟು ಅದೇ ರೇಟಿಗೆ ಹಣ ಕೊಡುವವರು ಆ ಎರಡು ದಿನದ ಏರಿಳಿತವನ್ನು ತಮ್ಮ ತಲೆಯ ಮೇಲೆ ಹೊತ್ತಿರುತ್ತಾರೆ. ಹಣ ಎಲ್ಲಿಂದ ಬಂತು, ಯಾರಿಗೆ ಹೋಗುತ್ತಿದೆ ಎಂದು ತಪಾಸಣೆ ಮಾಡಲು ಖರ್ಚಿದೆ. ಹಲವು ದೇಶಗಳಲ್ಲಿ ಮುಂಚೆಯೇ ಹಣ ತುಂಬಿಸಿಟ್ಟುಕೊಳ್ಳಬೇಕು. ಆದರೆ ಇದಕ್ಕೆಲ್ಲ ಅರ್ಧ ಪರ್ಸೆಂಟ್ ಸಾಕು ಎಂದು ಕೆಲವರು ವ್ಯಾಪಾರ ಮಾಡಿ ತೋರಿಸಿರುವಾಗ, ಮುಖ್ಯ ಕರೆನ್ಸಿಗಳಿಗೂ ನಾಲ್ಕು ಕೇಳುವವರ ಬಳಿ ‘ಯಾಕೆ’ ಎಂದು ಕೇಳುವ ಹಕ್ಕು ನಮಗಿದೆ.

ಬದಲಿಸುವವರು ಯಾರು?

ಹಾಗಾಗಿ ವಿತ್‌ಡ್ರಾ ಮಾಡುವಾಗ ನಿಜವಾದ ಪ್ರಶ್ನೆ ‘ಫೀ ಎಷ್ಟು’ ಎನ್ನುವುದಲ್ಲ, ‘ಡಾಲರ್ ನನ್ನ ಕರೆನ್ಸಿಯಾಗಿ ಬದಲಾಗುವುದು ಯಾರ ಕೈಯಲ್ಲಿ’ ಎನ್ನುವುದು. ಸಾಮಾನ್ಯವಾಗಿ ಮೂರು ಜಾಗದಲ್ಲಿ ಇದು ಆಗಬಹುದು. ಪೇಮೆಂಟ್ ಕಂಪನಿಯೇ ಬದಲಿಸಿ ಸ್ಥಳೀಯ ಹಣವನ್ನು ಬ್ಯಾಂಕಿಗೆ ಹಾಕಬಹುದು. ಅಥವಾ ಡಾಲರನ್ನೇ ಕಳಿಸಿ, ನಿಮ್ಮ ಬ್ಯಾಂಕು ಬದಲಿಸಬಹುದು. ಅಥವಾ ನಡುವೆ ಇನ್ನೊಂದು ಬಹುಕರೆನ್ಸಿ ಖಾತೆ ಇಟ್ಟುಕೊಂಡು, ಡಾಲರನ್ನು ಡಾಲರಾಗಿಯೇ ಅಲ್ಲಿಗೆ ತಂದು, ನಿಮಗೆ ಬೇಕಾದಾಗ ನೀವೇ ಬದಲಿಸಬಹುದು.

ಮೂರನೆಯದು ಕೇಳಲು ಚೆನ್ನ. ಆದರೆ ಎಲ್ಲ ಕಂಪನಿಗಳೂ ಬಿಡುವುದಿಲ್ಲ. ಕೆಲವು ಕಡೆ ಕಾನೂನೇ ಬಿಡುವುದಿಲ್ಲ, ಬಂದ ವಿದೇಶಿ ಹಣವನ್ನು ಇಂತಿಷ್ಟು ದಿನದೊಳಗೆ ಬದಲಿಸಲೇಬೇಕು ಎಂಬ ನಿಯಮವಿರುತ್ತದೆ. ಆಗ ಉಳಿಯುವುದು ಎರಡು ದಾರಿ.

ಇಲ್ಲಿ ಒಂದು ಬಲೆ ಇದೆ. ಕೆಲವು ಪೇಮೆಂಟ್ ತಾಣಗಳಲ್ಲಿ ‘ನಿಮ್ಮ ಕರೆನ್ಸಿಯಲ್ಲೇ ಹಣ ಕಳಿಸುತ್ತೇವೆ’ ಎಂಬ ಆಯ್ಕೆ ಮೊದಲೇ ಟಿಕ್ ಆಗಿರುತ್ತದೆ. ಓದಲು ಉಪಕಾರದ ಹಾಗಿದೆ. ಅದರ ಅರ್ಥ ‘ಬದಲಿಸುವ ಲಾಭ ನಾವೇ ಇಟ್ಟುಕೊಳ್ಳುತ್ತೇವೆ’ ಎಂದು. ವಿದೇಶದ ಎಟಿಎಂ ಮುಂದೆ ನಿಂತಾಗ ‘ನಿಮ್ಮ ಊರಿನ ಕರೆನ್ಸಿಯಲ್ಲಿ ಲೆಕ್ಕ ಹಾಕಲೇ?’ ಎಂದು ಯಂತ್ರ ಕೇಳುವುದೂ ಇದೇ ಆಟ. ಅಲ್ಲಿ ಬೇಡ ಎನ್ನುವುದೇ ಸಾಮಾನ್ಯವಾಗಿ ಲಾಭ.

ಬ್ಯಾಂಕಿನ ರೇಟು ಪೇಮೆಂಟ್ ಕಂಪನಿಯ ರೇಟಿಗಿಂತ ಚೆನ್ನಾಗಿಯೇ ಇರುತ್ತದೆ ಎಂದೂ ಹೇಳುವ ಹಾಗಿಲ್ಲ. ಬ್ಯಾಂಕು ದಿನವೂ ಹಾಕುವ ಪಟ್ಟಿಯಲ್ಲಿ ಒಂದೇ ಡಾಲರಿಗೆ ನಾಲ್ಕಾರು ದರ ಇರುತ್ತವೆ. ನೋಟು ತಂದು ಕೊಟ್ಟರೆ ಒಂದು, ತಂತಿಯಲ್ಲಿ ಬಂದರೆ ಇನ್ನೊಂದು. ತಂತಿಯಲ್ಲಿ ಬಂದ ಹಣಕ್ಕೆ ಟಿಟಿ ಬೈಯಿಂಗ್ ಎಂಬ ಸಾಲು ನೋಡಬೇಕು. ಟಿಟಿ ಎಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ಟೆಲಿಗ್ರಾಂ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಪಟ್ಟಿಯಲ್ಲಿ ಕೂತೇ ಇದೆ. ದೊಡ್ಡ ಮೊತ್ತ ಬಂದಾಗ ಪಟ್ಟಿಯ ದರಕ್ಕಿಂತ ಚೂರು ಒಳ್ಳೆಯ ದರ ಕೇಳಿ ಪಡೆಯಬಹುದು. ಕೇಳಿದವರಿಗೆ ಮಾತ್ರ ಸಿಗುತ್ತದೆ.

ದಾರಿಯಲ್ಲಿ ಸೋರುವ ಹದಿನೈದು ಡಾಲರ್

ಡಾಲರನ್ನು ಡಾಲರಾಗಿಯೇ ಬ್ಯಾಂಕಿಗೆ ಕಳಿಸಿದರೆ ಅದು ಹೆಚ್ಚಾಗಿ ಸ್ವಿಫ್ಟ್ ಮೂಲಕ ಬರುತ್ತದೆ. ಸ್ವಿಫ್ಟ್ ಎಂದರೆ ಹಣ ಸಾಗಿಸುವ ಪೈಪು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಸಂದೇಶ ಸಾಗಿಸುವ ಜಾಲ. 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿತು, 1977ರಿಂದ ಕೆಲಸ ಶುರು ಮಾಡಿತು. ಈಗ 200ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ‘ಇಂಥವರ ಖಾತೆಗೆ ಇಷ್ಟು ಕೊಡಿ’ ಎಂಬ ಚೀಟಿ ಮಾತ್ರ ಅದರಲ್ಲಿ ಓಡಾಡುತ್ತದೆ.

ಹಣ ಓಡಾಡುವುದು ಬ್ಯಾಂಕುಗಳು ಒಂದರಲ್ಲೊಂದು ಇಟ್ಟಿರುವ ಖಾತೆಗಳಲ್ಲಿ. ನಿಮ್ಮ ಬ್ಯಾಂಕು ನ್ಯೂಯಾರ್ಕಿನ ಯಾವುದೋ ದೊಡ್ಡ ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟಿರುತ್ತದೆ. ಅದಕ್ಕೆ ನೋಸ್ಟ್ರೋ ಖಾತೆ ಎನ್ನುತ್ತಾರೆ. ಇಟಾಲಿಯನ್ ಭಾಷೆಯಲ್ಲಿ ‘ನಮ್ಮದು’ ಎಂದರ್ಥ. ಕಳಿಸುವವರ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರ ಪರಿಚಯ ಇಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಮೂರನೆಯ ಬ್ಯಾಂಕು ಬೇಕು. ಅದೇ ಕರೆಸ್ಪಾಂಡೆಂಟ್ ಬ್ಯಾಂಕ್. ಕೆಲವೊಮ್ಮೆ ಇಂಥವು ಎರಡು ಇರುತ್ತವೆ. ಪ್ರತಿಯೊಂದೂ ತನ್ನ ಕೂಲಿಯನ್ನು ಹಾದುಹೋಗುವ ಹಣದಿಂದಲೇ ಕಿತ್ತುಕೊಳ್ಳಬಹುದು. 1,000 ಹೊರಟು 985 ಬಂದರೆ ಕಾರಣ ಇದು. ಕಳಿಸಿದವರ ಪುಟದಲ್ಲಿ ಈ 15 ಇರುವುದಿಲ್ಲ, ನಿಮ್ಮ ಬ್ಯಾಂಕಿನ ಫೀ ಪಟ್ಟಿಯಲ್ಲೂ ಇರುವುದಿಲ್ಲ. ಎರಡೂ ಕಡೆ ಫೋನ್ ಮಾಡಿದರೆ ಎರಡೂ ಕಡೆಯವರು ‘ನಮ್ಮದಲ್ಲ’ ಎನ್ನುತ್ತಾರೆ. ತಮಾಷೆಯೆಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಈ ಕೂಲಿಯನ್ನು ಯಾರು ಕೊಡಬೇಕು ಎನ್ನುವುದಕ್ಕೆ ಸ್ವಿಫ್ಟ್ ಸಂದೇಶದಲ್ಲಿ ಮೂರು ಗುರುತುಗಳಿವೆ: ಅವರ್, ಶಾ, ಬೆನ್. ಅವರ್ ಎಂದರೆ ಇಂಗ್ಲಿಷಿನ ‘ನಮ್ಮದು’. ಕನ್ನಡದ ಕಿವಿಗೆ ಅದು ಉಲ್ಟಾ ಕೇಳುತ್ತದೆ, ‘ಅವರು ಕೊಡಲಿ’ ಅಂದ ಹಾಗೆ. ಹಣ ಪಡೆಯುವ ನಮ್ಮ ಕಡೆಯಿಂದ ನೋಡಿದರೆ ಆ ಉಲ್ಟಾ ಅರ್ಥವೇ ಸರಿ: ಪೂರ್ತಿ ಖರ್ಚು ಕಳಿಸುವವರದು. ಶಾ ಎಂದರೆ ಹಂಚಿಕೆ, ಅವರ ಬ್ಯಾಂಕಿನ ಖರ್ಚು ಅವರಿಗೆ, ಉಳಿದದ್ದು ನಿಮಗೆ. ಬೆನ್ ಎಂದರೆ ಎಲ್ಲವೂ ಪಡೆಯುವವರ ತಲೆಗೆ. ಗಿರಾಕಿ ನೇರವಾಗಿ ಬ್ಯಾಂಕಿನಿಂದ ಕಳಿಸುವುದಾದರೆ ಇನ್‌ವಾಯ್ಸ್‌ನಲ್ಲೇ ‘ಚಾರ್ಜು ಅವರ್ ಇರಲಿ’ ಎಂದು ಬರೆಯಬಹುದು. ಅಷ್ಟು ಮಾಡಿದರೂ ದಾರಿಯಲ್ಲಿರುವ ಯಾವುದೋ ಬ್ಯಾಂಕು ಕಿತ್ತ ಉದಾಹರಣೆಗಳಿವೆ. ಪೇಮೆಂಟ್ ಕಂಪನಿಯ ಮೂಲಕ ಬಂದರೆ ಈ ಆಯ್ಕೆ ನಮ್ಮ ಕೈಯಲ್ಲಿ ಇರುವುದೇ ಅಪರೂಪ.

ಬ್ಯಾಂಕುಗಳ ನಡುವಿನ ಇಂಥ ಸಂಬಂಧಗಳೂ ಕಡಿಮೆಯಾಗಿವೆ. 2011ರಿಂದ 2018ರ ನಡುವೆ ಜಗತ್ತಿನಲ್ಲಿ ಕರೆಸ್ಪಾಂಡೆಂಟ್ ಸಂಬಂಧಗಳು ಸುಮಾರು ಶೇ. 20ರಷ್ಟು ಇಳಿದವು. ಕಪ್ಪುಹಣ ತಡೆಯುವ ಕಾನೂನುಗಳು ಬಿಗಿಯಾದವು, ದಂಡಗಳು ದೊಡ್ಡವಾದವು. ಸಣ್ಣ ದೇಶದ ಸಣ್ಣ ಬ್ಯಾಂಕಿನ ಜೊತೆ ವ್ಯವಹಾರ ಇಟ್ಟುಕೊಳ್ಳುವ ಲಾಭಕ್ಕಿಂತ ತಲೆನೋವು ಜಾಸ್ತಿ ಎಂದು ದೊಡ್ಡ ಬ್ಯಾಂಕುಗಳು ಕೈಬಿಟ್ಟವು. ಕೊಂಡಿ ಕಡಿಮೆಯಾದ ಕಡೆ ದಾರಿ ಉದ್ದವಾಗುತ್ತದೆ. ದಾರಿ ಉದ್ದವಾದಷ್ಟೂ ಕೂಲಿ ಕೇಳುವವರು ಹೆಚ್ಚು.

ಮೂಗಿಗಿಂತ ಮೂಗುತಿ ಭಾರ

ಈಗ ಮೊದಲಿನ ಲೆಕ್ಕಕ್ಕೆ ವಾಪಸ್ ಬರೋಣ. ಕಮಿಷನ್ ಕಳೆದು 960 ಡಾಲರ್ ಉಳಿದಿತ್ತು. ಮೊದಲ ದಾರಿಯಲ್ಲಿ, ಅಂದರೆ ಕಂಪನಿಯೇ ಬದಲಿಸಿದಾಗ, 2 ಡಾಲರ್ ಫೀ ಮತ್ತು 19.40ರ ರೇಟಿನಲ್ಲಿ 18,585 ಬಂತು. ಎರಡನೇ ದಾರಿಯಲ್ಲಿ ಡಾಲರನ್ನೇ ಬ್ಯಾಂಕಿಗೆ ಕಳಿಸೋಣ. ಡಾಲರನ್ನು ಬ್ಯಾಂಕಿಗೆ ಕಳಿಸುವ ವೈರ್ ಫೀ 25, ನಡುವಿನ ಬ್ಯಾಂಕಿಗೆ 15, ನಿಮ್ಮ ಬ್ಯಾಂಕಿನ ರೇಟು 19.70 ಎಂದಿಟ್ಟುಕೊಳ್ಳಿ. ರೇಟು ಚೆನ್ನಾಗಿದೆ. ಆದರೂ 920 ಡಾಲರಿಗೆ ಬರುವುದು 18,124. ಮೊದಲ ದಾರಿಗಿಂತ 461 ಕಡಿಮೆ.

ಇದೇ 9,600 ಡಾಲರ್ ಆಗಿದ್ದರೆ? ಮೊದಲ ದಾರಿಯಲ್ಲಿ 1,86,201. ಎರಡನೆಯದರಲ್ಲಿ 1,88,332. ಈಗ ಎರಡನೇ ದಾರಿಗೇ 2,131ರ ಲಾಭ, ಅಂದರೆ ನೂರು ಡಾಲರಿಗೂ ಮೇಲೆ.

ತಿರುಗುವ ಗೆರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಸುಲಭ. ಎರಡು ದಾರಿಯ ನಿಗದಿ ಫೀಗಳ ವ್ಯತ್ಯಾಸ 38 ಡಾಲರ್. ರೇಟುಗಳ ವ್ಯತ್ಯಾಸ ಶೇ. 1.5. ಮೂವತ್ತೆಂಟನ್ನು 0.015ರಿಂದ ಭಾಗಿಸಿದರೆ ಸುಮಾರು 2,500. ಅದಕ್ಕಿಂತ ಕಡಿಮೆ ಇದ್ದರೆ ಕಂಪನಿ ಬದಲಿಸಲಿ, ಜಾಸ್ತಿ ಇದ್ದರೆ ಬ್ಯಾಂಕು ಬದಲಿಸಲಿ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕ ಇದೇ. ಒಂದು ಸಲ ಮಾಡಿಟ್ಟುಕೊಂಡರೆ ಫೀ ಪಟ್ಟಿ ಬದಲಾಗುವವರೆಗೆ ಸಾಕು.

‘ಯಾವುದು ಅಗ್ಗ’ ಎಂದು ಕೇಳಿದವರಿಗೆ ಹತ್ತು ಜನ ಹತ್ತು ಉತ್ತರ ಕೊಡುವುದು ಇದಕ್ಕೇ. ತಿಂಗಳಿಗೆ 200 ಡಾಲರ್ ತರುವವರ ಅನುಭವ, 10,000 ತರುವವರ ಅನುಭವ ಎರಡೂ ನಿಜ. 200 ಡಾಲರಿಗೆ 25 ಡಾಲರ್ ವೈರ್ ಫೀ ಎಂದರೆ ಶೇ. 12.5. ಮೂಗಿಗಿಂತ ಮೂಗುತಿ ಭಾರ. 5,000ಕ್ಕೆ ಅದೇ 25 ಅರ್ಧ ಪರ್ಸೆಂಟ್.

ಹಾಗಾದರೆ ಕೂಡಿಟ್ಟು ಒಟ್ಟಿಗೆ ತರಿಸಿಕೊಳ್ಳುವುದೇ ಜಾಣತನವೇ? ನಿಗದಿ ಫೀ ಇರುವ ಕಡೆ ಹೌದು. ಪರ್ಸೆಂಟ್ ಫೀ ಇರುವ ಕಡೆ ಕೂಡಿಟ್ಟು ಬರುವ ಲಾಭ ಏನೂ ಇಲ್ಲ, ಹತ್ತು ಸಲ ನೂರು ತಂದರೂ ಅಷ್ಟೇ, ಒಂದು ಸಲ ಸಾವಿರ ತಂದರೂ ಅಷ್ಟೇ. ಕೂಡಿಡುವುದಕ್ಕೆ ಅದರದೇ ಅಪಾಯವೂ ಇದೆ. ಪೇಮೆಂಟ್ ಕಂಪನಿಯ ಖಾತೆ ಬ್ಯಾಂಕ್ ಖಾತೆಯಲ್ಲ. ಬಡ್ಡಿ ಸಾಮಾನ್ಯವಾಗಿ ಇರುವುದಿಲ್ಲ, ಠೇವಣಿ ವಿಮೆ ಬಹಳ ಕಡೆ ನೇರವಾಗಿ ಸಿಗುವುದಿಲ್ಲ. ಯಾವುದೋ ಪರಿಶೀಲನೆ ಎಂದು ಖಾತೆ ತಡೆಹಿಡಿದರೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ನಿಲ್ಲುತ್ತದೆ.

ರೇಟಿನ ಏರಿಳಿತ ಇನ್ನೊಂದು. 2015ರ ಜನವರಿ 15ರಂದು ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕು ಒಂದು ಯೂರೋ 1.20 ಫ್ರಾಂಕಿಗಿಂತ ಕೆಳಗೆ ಇಳಿಯದಂತೆ ಹಿಡಿದಿದ್ದ ತನ್ನ ಗೆರೆಯನ್ನು ಇದ್ದಕ್ಕಿದ್ದಂತೆ ಬಿಟ್ಟುಕೊಟ್ಟಿತು. ಆ ದಿನ ಯೂರೋದಲ್ಲಿ ಸಂಪಾದಿಸಿ ಫ್ರಾಂಕಿನಲ್ಲಿ ಖರ್ಚು ಮಾಡುವವರ ಹಣ ಕೆಲವೇ ನಿಮಿಷಗಳಲ್ಲಿ ಕರಗಿತು. ಯಾವ ವಿತ್‌ಡ್ರಾ ಫೀಯೂ ಅಷ್ಟು ತಿನ್ನುವುದಿಲ್ಲ. ಇಂಥ ದಿನಗಳು ಅಪರೂಪ ನಿಜ. ಆದರೆ ‘ರೇಟು ಇನ್ನೂ ಏರುತ್ತದೆ’ ಎಂದು ಮನೆ ಖರ್ಚಿನ ಹಣವನ್ನು ಡಾಲರಿನಲ್ಲಿ ಕೂರಿಸುವುದು ಉಳಿತಾಯವಲ್ಲ, ಜೂಜು. ಫೀ ಉಳಿಸಲು ಕಾಯುವುದು ಬೇರೆ, ರೇಟು ಏರಲೆಂದು ಕಾಯುವುದು ಬೇರೆ. ನಾವು ಎರಡನ್ನೂ ಕಲಸಿಬಿಡುತ್ತೇವೆ.

ಶನಿವಾರ, ಭಾನುವಾರದ ವಿಷಯ ಚಿಕ್ಕದು, ಹೇಳಿಬಿಡುತ್ತೇನೆ. ಕರೆನ್ಸಿ ಮಾರುಕಟ್ಟೆ ನ್ಯೂಯಾರ್ಕಿನ ಶುಕ್ರವಾರ ಸಂಜೆ ಮುಚ್ಚಿದರೆ ಮತ್ತೆ ತೆರೆಯುವುದು ಅಲ್ಲಿನ ಭಾನುವಾರ ಸಂಜೆ. ಆ ನಡುವೆ ಬದಲಿಸಿದರೆ ಸೋಮವಾರದ ಆಶ್ಚರ್ಯಕ್ಕೆಂದು ಕೆಲವು ಕಂಪನಿಗಳು ರೇಟಿನಲ್ಲಿ ಇನ್ನಷ್ಟು ಸೇರಿಸಿಕೊಳ್ಳುತ್ತವೆ. ಆತುರ ಇಲ್ಲದಿದ್ದರೆ ವಾರದ ದಿನಗಳೇ ಮೇಲು.

ಎರಡು ಸಲ ಬದಲಾಗುವ ಹಣ

ಡಾಲರ್ ಬಿಟ್ಟು ಬೇರೆ ಕರೆನ್ಸಿಯಲ್ಲಿ ದುಡಿಯುವವರಿಗೆ ಇನ್ನೊಂದು ತೊಡಕಿದೆ. ಗಿರಾಕಿ ಯೂರೋ ಕೊಟ್ಟರು. ಪೇಮೆಂಟ್ ಕಂಪನಿಯಲ್ಲಿ ನಿಮ್ಮ ಮುಖ್ಯ ಖಾತೆ ಡಾಲರಿನದು. ಯೂರೋ ಬಂದ ಕೂಡಲೇ ತಾನಾಗಿ ಡಾಲರಾಯಿತು, ಒಂದು ಮಾರ್ಕಪ್. ವಿತ್‌ಡ್ರಾ ಮಾಡಿದಾಗ ಡಾಲರ್ ನಿಮ್ಮ ಕರೆನ್ಸಿಯಾಯಿತು, ಇನ್ನೊಂದು ಮಾರ್ಕಪ್. ಮೂರು ಮೂರು ಸೇರಿ ಶೇ. 6ರ ಹತ್ತಿರ. ಬಹಳ ಕಡೆ ಸೆಟ್ಟಿಂಗ್ಸ್‌ನಲ್ಲಿ ‘ಬಂದ ಕರೆನ್ಸಿಯಲ್ಲೇ ಇಟ್ಟುಕೊಳ್ಳಿ’ ಎಂಬ ಆಯ್ಕೆ ಇರುತ್ತದೆ. ಮೊದಲ ಇನ್‌ವಾಯ್ಸ್ ಕಳಿಸುವ ಮುಂಚೆ ಅದನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಸಗಟು ಮಾರುಕಟ್ಟೆಯಲ್ಲೂ ಹೀಗೇ. ಎರಡು ಸಣ್ಣ ಕರೆನ್ಸಿಗಳು ನೇರವಾಗಿ ಕೈ ಬದಲಾಗುವುದು ಕಡಿಮೆ, ನಡುವೆ ಡಾಲರ್ ಬರುತ್ತದೆ. 2025ರ ಅದೇ ಸಮೀಕ್ಷೆಯಲ್ಲಿ ಜಗತ್ತಿನ ಕರೆನ್ಸಿ ವಹಿವಾಟಿನ ಸುಮಾರು ಶೇ. 89ರಲ್ಲಿ ಒಂದು ಬದಿಗೆ ಡಾಲರ್ ಇತ್ತು. ಅಲ್ಲಿ ಎರಡು ಸಲ ಬದಲಾದರೂ ಅಂತರ ಸಣ್ಣದು. ನೋವಾಗುವುದು ಚಿಲ್ಲರೆಯಲ್ಲಿ.

ಹಣ ವಾಪಸ್ ಮಾಡಬೇಕಾದಾಗ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಗಿರಾಕಿಗೆ 500 ಯೂರೋ ರೀಫಂಡ್ ಮಾಡಬೇಕು ಎಂದಿಟ್ಟುಕೊಳ್ಳಿ. ಬಂದಾಗ ಒಂದು ರೇಟಿಗೆ ಬದಲಾಗಿತ್ತು, ಈಗ ವಾಪಸ್ ಹೋಗುವಾಗ ಇನ್ನೊಂದು ರೇಟು. ಕಮಿಷನ್ ಕೂಡ ಬಹಳ ಕಡೆ ವಾಪಸ್ ಬರುವುದಿಲ್ಲ. ಕೆಲಸವೂ ಹೋಯಿತು, ಮೇಲೆ ಕೈಯಿಂದ ಮೂವತ್ತು ನಲವತ್ತು ಯೂರೋ.

ಕೆಲವು ದೇಶಗಳಲ್ಲಿ ರೇಟೇ ಎರಡು ಇರುತ್ತದೆ. ಅರ್ಜೆಂಟೀನಾದಲ್ಲಿ 2023ರ ಡಿಸೆಂಬರ್ ಆರಂಭದಲ್ಲಿ ಸರ್ಕಾರಿ ದರ ಡಾಲರಿಗೆ ಸುಮಾರು 366 ಪೆಸೋ, ಬೀದಿಯ ದರ ಅದರ ಎರಡು ಪಟ್ಟಿಗೂ ಜಾಸ್ತಿ. ಬ್ಯಾಂಕಿನ ಮೂಲಕ ತಂದವರಿಗೆ ಅರ್ಧಕ್ಕಿಂತ ಹೆಚ್ಚು ಬೆಲೆ ದಾರಿಯಲ್ಲೇ ಹೋದಂತೆ. ಅದೇ ತಿಂಗಳು ಸರ್ಕಾರ ಪೆಸೋ ಬೆಲೆಯನ್ನು ಡಾಲರಿಗೆ 800 ಪೆಸೋ ಆಗುವಷ್ಟು ಇಳಿಸಿತು. ಅಂಥ ಕಡೆ ಫೀ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಜನ ಕ್ರಿಪ್ಟೋ ಕಡೆ, ಅದರಲ್ಲೂ ಡಾಲರಿಗೆ ಕಟ್ಟಿದ ಸ್ಟೇಬಲ್‌ಕಾಯಿನ್ ಕಡೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಸ್ಟೇಬಲ್‌ಕಾಯಿನ್ ಅಗ್ಗ ಎಂಬ ಮಾತಿನಲ್ಲಿ ಅರ್ಧ ಮಾತ್ರ ನಿಜ. ಒಂದು ವಾಲೆಟ್‌ನಿಂದ ಇನ್ನೊಂದಕ್ಕೆ ಕಳಿಸುವುದು ಕೆಲವು ಜಾಲಗಳಲ್ಲಿ ಪುಡಿಗಾಸಿನ ಖರ್ಚು. ಆದರೆ ಬ್ಯಾಂಕಿಗೆ ಬರಬೇಕಾದರೆ ಅದನ್ನು ಮಾರಬೇಕು, ಮಾರುವ ಕಡೆ ಮತ್ತೆ ಒಂದು ರೇಟು, ಆ ರೇಟಿನೊಳಗೆ ಮತ್ತೆ ಒಂದು ಅಂತರ. ‘ಸ್ಟೇಬಲ್’ ಎಂಬ ಹೆಸರಿಗೂ ಪರೀಕ್ಷೆ ಬಂದಿದೆ: 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ, ತನ್ನ ಮೀಸಲು ಹಣದ ಒಂದು ಪಾಲು ಅಲ್ಲಿದ್ದ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್ ಕೆಲವು ಗಂಟೆ 90 ಸೆಂಟಿಗೂ ಕೆಳಗೆ ಇಳಿದಿತ್ತು. ಆಮೇಲೆ ಚೇತರಿಸಿಕೊಂಡಿತು. ಆ ಗಂಟೆಗಳಲ್ಲೇ ಬಾಡಿಗೆ ಕಟ್ಟಬೇಕಿದ್ದವರಿಗೆ ಆ ಚೇತರಿಕೆಯಿಂದ ಏನೂ ಆಗಲಿಲ್ಲ.

ಕಾನೂನು ಎಲ್ಲಿಗೆ ಬಂದಿದೆ

ರೇಟಿನೊಳಗೆ ಫೀ ಅಡಗಿಸುವುದು ಸರ್ಕಾರಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅಮೆರಿಕದಲ್ಲಿ 2013ರ ಅಕ್ಟೋಬರ್‌ನಿಂದ ಒಂದು ನಿಯಮವಿದೆ. ಅಲ್ಲಿಂದ ಜನಸಾಮಾನ್ಯರು ಹೊರದೇಶಕ್ಕೆ ಹಣ ಕಳಿಸುವಾಗ ಫೀ, ರೇಟು, ತಲುಪುವ ಮೊತ್ತ ಮೂರನ್ನೂ ಮುಂಚೆಯೇ ತೋರಿಸಬೇಕು. ‘ತಲುಪುವ ಮೊತ್ತ’ ಎನ್ನುವುದೇ ಇದರ ಜೀವ. ಆದರೆ ನಡುದರಕ್ಕಿಂತ ಎಷ್ಟು ಕೆಳಗೆ ಎಂದು ಹೇಳಬೇಕಿಲ್ಲ. ಯೂರೋಪಿಯನ್ ಒಕ್ಕೂಟ ಅದನ್ನೂ ಕೇಳಿತು. 2019ರಲ್ಲಿ ಬಂದ ನಿಯಮದ ಪ್ರಕಾರ, ಕಾರ್ಡಿನಲ್ಲಿ ಕರೆನ್ಸಿ ಬದಲಿಸುವಾಗ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಎಷ್ಟು ಪರ್ಸೆಂಟ್ ಹೆಚ್ಚು ಹಿಡಿಯುತ್ತಿದ್ದೀರಿ ಎಂದು ಹೇಳಬೇಕು. ಎಟಿಎಂ ಪರದೆಯ ಮೇಲೆ ‘ಶೇ. 11’ ಎಂದು ಬಂದರೆ ಬೇಡ ಎನ್ನಲು ಯಾರಿಗೂ ಪಾಠ ಬೇಕಿಲ್ಲ. ಈ ಎರಡೂ ನಿಯಮಗಳು ಹಣ ಕಳಿಸುವವರನ್ನು, ಖರ್ಚು ಮಾಡುವವರನ್ನು ಕಾಪಾಡುತ್ತವೆ. ದುಡಿದದ್ದನ್ನು ಬ್ಯಾಂಕಿಗೆ ತರಿಸಿಕೊಳ್ಳುವವರಿಗೆ ಅಷ್ಟು ನೆರಳಿಲ್ಲ.

ಜಿ20 ದೇಶಗಳು 2020ರಲ್ಲಿ ಗಡಿ ದಾಟುವ ಪಾವತಿಗಳಿಗೆ ಒಂದು ಮಾರ್ಗನಕ್ಷೆ ಒಪ್ಪಿಕೊಂಡವು. ಮರುವರ್ಷ ಗುರಿಗಳನ್ನು ಅಂಕಿಯಲ್ಲೇ ಬರೆದವು: 2027ರ ಕೊನೆಗೆ ಚಿಲ್ಲರೆ ಪಾವತಿಗಳ ಸರಾಸರಿ ಖರ್ಚು ಶೇ. 1ಕ್ಕಿಂತ ಜಾಸ್ತಿ ಇರಬಾರದು, ಯಾವ ಎರಡು ದೇಶಗಳ ನಡುವೆಯೂ ಶೇ. 3 ದಾಟಬಾರದು. ಈ ಖರ್ಚಿನಲ್ಲಿ ಕರೆನ್ಸಿ ಬದಲಿಸುವ ಅಂತರವೂ ಸೇರಿದೆ. ಸಾಗಿದ ದಾರಿಯನ್ನು ನೋಡುವ ಫೈನಾನ್ಷಿಯಲ್ ಸ್ಟೆಬಿಲಿಟಿ ಬೋರ್ಡ್, ಹೇಳಿದ ಹೊತ್ತಿಗೆ ಗುರಿ ಮುಟ್ಟುವುದು ಅನುಮಾನ ಎಂದು 2025ರಲ್ಲಿ ಒಪ್ಪಿಕೊಂಡಿದೆ.

ಆದರೂ ಏನೂ ಬದಲಾಗಿಲ್ಲ ಎನ್ನುವುದು ತಪ್ಪಾಗುತ್ತದೆ. ಯೂರೋ ವಲಯದ ಒಳಗೆ 2025ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹತ್ತು ಸೆಕೆಂಡಿನೊಳಗೆ ಯೂರೋ ತಲುಪಿಸುವ ಸೌಲಭ್ಯ ಕೊಡಬೇಕು, ಅದಕ್ಕೆ ಮಾಮೂಲಿ ವರ್ಗಾವಣೆಗಿಂತ ಹೆಚ್ಚು ಕೇಳುವಂತಿಲ್ಲ. 2021ರ ಏಪ್ರಿಲ್‌ನಲ್ಲಿ ಸಿಂಗಾಪುರದ ಪೇನೌ ಮತ್ತು ಥಾಯ್ಲೆಂಡಿನ ಪ್ರಾಂಪ್ಟ್‌ಪೇ ಎಂಬ ಮೊಬೈಲ್ ಪಾವತಿ ಜಾಲಗಳು ಒಂದಕ್ಕೊಂದು ಸೇರಿದವು, ಮೊಬೈಲ್ ನಂಬರ್ ಹಾಕಿ ಒಂದು ದೇಶದಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಣ ಕಳಿಸಬಹುದು. ನಡುವಿನ ಬ್ಯಾಂಕುಗಳ ಸಾಲು ಇಲ್ಲಿ ಇಲ್ಲ. ಕರೆನ್ಸಿ ಬದಲಿಸುವವರು ಇಲ್ಲೂ ಇದ್ದಾರೆ, ಅವರ ಅಂತರವೂ ಇದೆ. ಪೈಪು ಎಷ್ಟೇ ಚುರುಕಾದರೂ ಆ ಮನುಷ್ಯ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ.

ಸ್ವಿಫ್ಟ್ ದಾರಿಯೂ ಮೊದಲಿನಷ್ಟು ಕತ್ತಲಲ್ಲಿಲ್ಲ. ಈಗ ಪ್ರತಿ ಪಾವತಿಗೂ ಯುಇಟಿಆರ್ ಎಂಬ 36 ಅಕ್ಷರದ ಗುರುತು ಇರುತ್ತದೆ. ನಾಲ್ಕು ಅಡ್ಡಗೆರೆಗಳಿರುವ ಉದ್ದನೆಯ ನಂಬರ್. ಕಳಿಸಿದವರ ಬ್ಯಾಂಕಿನಿಂದ ಅದನ್ನು ಕೇಳಿ ಪಡೆದು ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಕೊಟ್ಟರೆ, ಹಣ ಯಾವ ಯಾವ ಬ್ಯಾಂಕು ಮುಟ್ಟಿತು, ಎಲ್ಲಿ ಎಷ್ಟು ಹೊತ್ತು ಕೂತಿತ್ತು, ಯಾರು ಎಷ್ಟು ಕಿತ್ತರು ಎಂದು ಸಾಮಾನ್ಯವಾಗಿ ನೋಡಬಹುದು. ಕೌಂಟರಿನಲ್ಲಿ ಇರುವವರಿಗೆ ಈ ಹೆಸರು ಗೊತ್ತಿರುವುದಿಲ್ಲ ಎಷ್ಟೋ ಸಲ. ಬೇರೆಯವರನ್ನು ಕೇಳಿ ಬನ್ನಿ ಎನ್ನಿ. ಕಳೆದುಹೋದ ಹದಿನೈದು ಡಾಲರ್ ವಾಪಸ್ ಬರುವುದು ಕಷ್ಟ. ಆದರೆ ಮುಂದಿನ ತಿಂಗಳು ಗಿರಾಕಿಗೆ ‘ಈ ಬ್ಯಾಂಕಿನ ದಾರಿ ಬೇಡ’ ಎಂದು ಹೆಸರು ಹಿಡಿದು ಹೇಳಬಹುದು.